ಐದು ಕುರಿಯ ಹರಗೋಲು

ಜಮಖಂಡಿ ಬಸ್ ನಿಲ್ದಾಣದಲ್ಲಿ ಸೀರೆಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬನಹಟ್ಟಿಯ ಕಾಂಚನಾಗೆ ಪಕ್ಕದವರ ಮಾತು ಕಿವಿಗೆ ಬಿತ್ತು. ಬೋರವ್ವ ಮತ್ತು ಅವಳ ಮೈದುನ ಭೀಮಶಿ ಹೊಸ ಹರಗೋಲು ಕೊಳ್ಳಲು ಹೊರಟಿದ್ದರು. ಅದರ ಅಳತೆಯನ್ನು ಅವರು ಎಷ್ಟು ಕುರಿ ಹಿಡಿಸುತ್ತದೆ ಎಂಬ ಲೆಕ್ಕದಲ್ಲೇ ಹೇಳುತ್ತಿದ್ದರು.

“ಹದಿನೈದು ಕುರಿದು ತಗೊಳ್ಳೂಣು, ವೈನಿ.”

“ಇರೂವ ಐದು ಕುರಿ. ಅಷ್ಟು ದೊಡ್ಡದರಾಗ ಮದವಿ ಮಾಡೂದೈತೇನೋ?”

“ಹಿನ್ನೀರಿನ ತೆರಿ ಗೊತ್ತಿಲ್ಲೇನು?”

“ಗೊತ್ತೈತಿ. ದೊಡ್ಡದು ನನ್ನ ಕೈಲೆ ತಿರಗಂಗಿಲ್ಲ. ಗಾಳಿ ಎಳದತ್ತ ಹೊಕ್ಕತಿ.”

ಭೀಮಶಿ ನೆಲ ನೋಡಿದ.

“ಅಣ್ಣಗ ಐದು ಕುರಿದು ಸಾಕು ಅಂದಾವ ನಾನ.”

“ಕುರಿ ಐದು, ಹರಗೋಲೂ ಐದರದು. ನಿಂತು ಹುಟ್ಟು ಹಾಕಾವನ್ನ ಅಣ್ಣತಮ್ಮ ಇಬ್ರೂ ಎಣಿಸಲಿಲ್ಲ.”

“ಕುರಿ ಐದೂ ಈಜಿ ದಂಡಿಗೆ ಬಂದ್ವು, ವೈನಿ.”

“ಹೂಂ. ಕುರಿ ಅಷ್ಟ ಬಂದ್ವು.”

ಕಾಂಚನಾ ತನ್ನ ಸೀರೆಗಂಟು ಬಿಗಿಮಾಡಿದಳು.

ಬಸ್ಸು ಬಂದು ನಿಂತಿತು. ಬೋರವ್ವ ಮೊದಲು ಎದ್ದಳು.

“ಏಳೋ. ಎಂಟು ಕುರಿದು ತಗೊಳ್ಳೂಣು. ಐದು ಅವಕ್ಕ, ಎರಡು ನನಗ.”

“ಇನ್ನೊಂದು?”

“ಹಿನ್ನೀರಿನ ತೆರಿ ಪಾಲು,” ಎಂದು ಅವಳು ಬಸ್ಸು ಹತ್ತಿದಳು. ಭೀಮಶಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಹಿಂದೆ ಹೋದ.