ಅಡೆಲ್ಮೋನ ಕಡೆಯ ಲ್ಯೂಟ್

"ಹಲೋ... ಹಾಂ, ಹಲೋ. ಯಾರು ಮಾತಾಡ್ತಿರೋದು?... ಯಾರು? ಸ್ವಲ್ಪ ಗಟ್ಟಿಯಾಗಿ ಹೇಳಿ... ಓಹೋ. ಪ್ರೊಫೆಸರ್ ಗ್ವಾಲ್ತಿಯೇರಿ. ನೀವಾ?"

ಬೂದಿ ಬುಧವಾರದ ಬೆಳಗು. ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಇಗರ್ಜಿಗೆ ಹೊರಟಿದ್ದ ಎರ್ಮೆಲಿಂದಾ, ಕಪ್ಪು ತಲೆವಸ್ತ್ರ ಕಟ್ಟಿಕೊಂಡೇ ಬಾಗಿಲಿನಿಂದ ಹಿಂದಿರುಗಿ ಬಂದು ಫೋನು ಎತ್ತಿದ್ದಳು. ಎದುರಿಗೆ ಗಂಡನ ಕೆಲಸದ ಮೇಜು. ವೀಣೆಯಂತೆ ಮೀಟುವ ಲ್ಯೂಟ್ ವಾದ್ಯಗಳನ್ನು ಮಾಡುತ್ತಿದ್ದ ಅಡೆಲ್ಮೋ ತೀರಿಕೊಂಡು ಚಳಿಗಾಲ ಕಳೆದರೂ, ಮರ ಅಂಟಿಸುವ ಅವನ ಸರೇಸಿನ ಬಟ್ಟಲನ್ನು ಅವಳು ಇನ್ನೂ ತೊಳೆದಿರಲಿಲ್ಲ.

"...ಇಲ್ಲ ಇಲ್ಲ, ತೊಂದರೆ ಏನಿಲ್ಲ. ಈ ಮನೆಗೆ ನೀವು ಫೋನ್ ಮಾಡಿದ್ದು ಇದೇ ಮೊದಲು, ಅಲ್ವಾ? ಅವರ ಮಣ್ಣಿಗೂ ಬರಲಿಲ್ಲ ನೀವು... ಹಾಂ, ಬೊಲೋನ್ಯಾದಲ್ಲಿ ಭಾಷಣ ಇತ್ತು. ಗೊತ್ತು. ಹೂವು ಕಳಿಸಿದ್ರಿ. ಅದರ ಮೇಲೆ ಅವರ ಹೆಸರನ್ನ ಅಡೋಲ್ಫೋ ಅಂತ ಬರೆಸಿದ್ರಿ..."

"...ಕಾಗದದ ಪಟ್ಟಿಗಳಾ? ಯಾವ ಪಟ್ಟಿ?... ಹಾಂ, ಹಾಂ, ಹಳೇ ಲ್ಯೂಟ್ ಬಿಚ್ಚಿದಾಗ ಸಿಕ್ಕಿದ್ವಲ್ಲ, ಅವಾ? ಬುರುಡೆ ಒಳಗೆ ಮರದ ಸಂದಿಗೆ ಅಂಟಿಸಿದ್ದು. ಹಳಬರು ಹಾಗೇ ತಾನೆ ಮಾಡ್ತಿದ್ದಿದ್ದು? ಬೇಡವಾದ ಕಾಗದ ಕತ್ತರಿಸಿ, ಸರೇಸು ಬಳಿದು ಸಂದಿ ಮುಚ್ಚೋದು. ನಮ್ಮವರು ಹಬೆ ಹಿಡಿದು ಹಿಡಿದು ಒಂದೊಂದನ್ನೇ ಬಿಡಿಸಿದ್ರು. ಆರು ಗೆರೆ, ಗೆರೆ ಮೇಲೆ ಅಂಕಿ. ಯಾವ ತಂತೀನ ಎಲ್ಲಿ ಒತ್ತಬೇಕು ಅಂತ. ಹಬೆಯ ಪಾತ್ರೆ ಹಿಡಿದು ಪಕ್ಕದಲ್ಲಿ ಕೂತಿದ್ದವಳು ನಾನೇ..."

"...ಈಗ ಬೇಕಾ? ಯಾಕೆ? ಇದು ಹಳೇ ಸಂಗೀತ ಅಂತ ಅವರು ತಂದು ತೋರಿಸಿದಾಗ, ಚೌಕದ ಕಾಫಿ ಅಂಗಡೀಲಿ ಎಲ್ಲರ ಎದುರು ಏನಂದ್ರಿ, ನೆನಪಿದೆಯಾ?... ನೆನಪಿಲ್ವಾ? ನನಗಿದೆ. 'ಅಡೆಲ್ಮೋ, ಇದು ಸಂಗೀತ ಅಲ್ಲಯ್ಯ, ತಂತಿ ಮೇಲೆ ಬೆಕ್ಕು ಓಡಾಡಿದ್ದು. ನೀನು ಮರ ಕೆತ್ತು, ಓದೋದನ್ನ ನಮಗೆ ಬಿಡು.' ಎಲ್ಲರೂ ನಕ್ಕರು. ಕಾಫಿ ಮಾಡೋ ನೆರಿಯೋ ಕೂಡ. ಆಮೇಲೆ ಬೀದೀಲಿ ಇವರನ್ನ ಕಂಡವರೆಲ್ಲ ಮಿಯಾಂವ್ ಅನ್ನೋರು. ಸಾಯೋ ತನಕ ಅಂದ್ರು, ಪ್ರೊಫೆಸರೇ. ಹಾಸಿಗೆ ಹಿಡಿದಾಗ ಕಿಟಕಿ ಹೊರಗಿಂದಲೂ ಅಂದ್ರು..."

"...ಏನು? ತಲೆಕೆಳಗಾಗಿ ಓದಿದ್ರಾ?... ನಿಧಾನವಾಗಿ ಹೇಳಿ, ನಾನು ಓದಿದವಳಲ್ಲ... ಹಾಂ. ನಮ್ಮ ಕಡೆ ಮೇಲಿನ ಗೆರೆ ಅಂದ್ರೆ ದಪ್ಪ ತಂತಿ. ಸರಿ. ದಕ್ಷಿಣದ ನಾಪೊಲಿ ಊರಿನವರಿಗೆ ಅದೇ ಮೇಲಿನ ಗೆರೆ ಸಣ್ಣ ತಂತಿ. ಖಾಲಿ ಬಿಟ್ಟ ತಂತಿಗೆ ನಾವು ಸೊನ್ನೆ ಹಾಕ್ತೀವಿ, ಅವರು ಒಂದು... ಅಂದ್ರೆ ನಾಪೊಲಿಯ ಬರಹವನ್ನ ನೀವು ನಮ್ಮದು ಅಂತ ಓದಿದ್ರಿ. ಅವರ ಹಾಗೆ ಓದಿದ್ರೆ ಹಾಡು ಬರುತ್ತೆ. ಅಲ್ವಾ?... ಬೆಕ್ಕು ಎಲ್ಲಿ ಹೋಯ್ತು, ಪ್ರೊಫೆಸರೇ?"

ಎರ್ಮೆಲಿಂದಾ ಮುಕ್ಕಾಲಿಯನ್ನು ಕಾಲಿನಿಂದ ಎಳೆದುಕೊಂಡು ಕುಳಿತಳು. ಬಹಳ ದಿನಗಳ ಮೇಲೆ ಅವಳ ಮನಸ್ಸಿಗೆ ಸುಖವೆನಿಸಿತು. ಅದು ಒಳ್ಳೆಯ ಸುಖವಲ್ಲವೆಂದು ತಿಳಿದು ಶಿಲುಬೆಯ ಗುರುತು ಮಾಡಿಕೊಂಡಳು. ಆದರೆ ಫೋನನ್ನು ಕೆಳಗಿಡಲಿಲ್ಲ.

"...ಹಾಂ, ಕೇಳ್ತಿದ್ದೀನಿ. ಹಿಂದೆ ಹಕ್ಕಿ ಗರಿ ಹಿಡಿದು ತಂತಿ ಮೀಟೋರು, ಒಂದೇ ಎಳೆ ರಾಗ. ಆಮೇಲೆ ಗರಿ ಬಿಟ್ಟು ಬೆರಳಿಗೆ ಬಂದ್ರು, ಎರಡು ಮೂರು ಎಳೆ ಒಟ್ಟಿಗೆ. ಇದು ಆ ಮಗ್ಗುಲು ಬದಲಿಸಿದ ಕಾಲದ್ದು... ಇಷ್ಟು ಹಳೇದು ನೀವು ಇನ್ನೆಲ್ಲೂ ನೋಡಿಲ್ಲ... ನೀವು ಜೀವಮಾನವೆಲ್ಲ ಹುಡುಕಿದ ಬೇರು ಇದೇ. ಆದ್ರೆ ನಿಮ್ಮ ಹತ್ರ ಇರೋದು ಅವತ್ತು ತೆಗೆದ ಒಂದೇ ಪಟ್ಟಿಯ ಫೋಟೋ. ಮಿಕ್ಕಿದ್ದು ಇಲ್ದೆ ಯಾರೂ ನಂಬಲ್ಲ... ಪುಸ್ತಕದಲ್ಲಿ ನಮ್ಮವರ ಹೆಸರು ಹಾಕ್ತೀರಾ? ಎಲ್ಲಿ?... ಮೊದಲ ಪುಟದಲ್ಲೇ! ಏನಂತ ಹಾಕ್ತೀರಿ, ಅಡೋಲ್ಫೋ ಅಂತಲೇ?"

"...ಅಳಬೇಡಿ. ಎಲ್ಲಿವೆ ಅಂತ ಹೇಳ್ತೀನಿ. ನೀವು ಬೆಕ್ಕು ಅಂದ ಮೇಲೂ ಅವರು ಅದನ್ನ ಒಲೆಗೆ ಹಾಕಲಿಲ್ಲ. ಕಾಗದಕ್ಕೆ ಅದರ ಕೆಲಸ ವಾಪಸ್ ಕೊಡ್ತೀನಿ ಅಂದ್ರು. ಹೊಸ ಲ್ಯೂಟ್ ಬುರುಡೆ ಒಳಗೆ ಸಂದಿಗೆ ಅಂಟಿಸಿದ್ರು, ಎಲ್ಲಾನೂ. ಅದೇ ಅವರ ಕಡೇ ವಾದ್ಯ... ಹೌದು ಹೌದು, ಮೇಲಿನ ಹಲಗೆ ಎತ್ತಿದ್ರೆ ಸಿಕ್ತಿತ್ತು... ಯಾರಿಗೆ ಕೊಟ್ರಾ? ನಿಮಗೇ. ಹೋದ ಈಸ್ಟರ್ ಹಬ್ಬಕ್ಕೆ. ಮನಸ್ತಾಪ ಬೇಡ ಅಂತ ಅವರೇ ನಿಮ್ಮ ಮನೆಗೆ ಹೊತ್ಕೊಂಡು ಬಂದಿದ್ರಲ್ಲ..."

"...ಹಲೋ?... ಇದ್ದೀರಾ?... ಏನು ಮಾಡಿದ್ರಿ ಅದನ್ನ? ನಿಮ್ಮ ಬಾಯಲ್ಲೇ ಹೇಳಿ... ಕೇಳಿಸ್ಲಿಲ್ಲ... ಇನ್ನೊಂದ್ಸಲ."

ಉಪವಾಸದ ಕಾಲಕ್ಕೆ ಮುಂಚಿನ ಕಾರ್ನಿವಾಲ್ ಹಬ್ಬದ ಕಡೆಯ ದಿನ ಪೇಸರೋ ಬೆಟ್ಟದ ಆ ಊರಿನವರು ಚೌಕದಲ್ಲಿ ಹುಲ್ಲಿನ ರಾಜನನ್ನು ಕೂರಿಸಿ, ಮನೆಮನೆಯಿಂದ ಬೇಡಿ ತಂದ ಹಳೆಯ ಸಾಮಾನುಗಳಿಂದ ಸಿಂಗರಿಸಿ ಸುಡುತ್ತಿದ್ದರು. ನಿನ್ನೆ ಸುಟ್ಟಿದ್ದರು.

"...ಹಾಂ. ಹುಲ್ಲುರಾಜನ ತೊಡೆ ಮೇಲೆ ಇಡೋಕೆ ಕೊಟ್ರಿ. ಅವನಿಗೆ ಬೆಕ್ಕಿನ ಮುಖವಾಡ ಹಾಕ್ಸಿದ್ದೂ ನೀವೇ ಅಂತೆ, ಅಲ್ವಾ? ಚೆನ್ನಾಗಿ ಒಪ್ಪಿತ್ತು... ನಾನಾ? ಅಲ್ಲೇ ಇದ್ದೆ. ಮುಂದಿನ ಸಾಲಿನಲ್ಲೇ. ಬೆಂಕಿ ಇಡೋ ಮುಂಚೆನೇ ಗುರುತು ಸಿಕ್ತು... ಒಳಗೇನಿದೆ ಅಂತಾನೂ ಗೊತ್ತಿತ್ತು."

"...ತಡೀಬಹುದಿತ್ತು. ದೊಂದಿ ನೆರಿಯೋನ ಕೈಯಲ್ಲಿತ್ತು. ನನ್ನನ್ನ ನೋಡಿ ಅವನು ಹಾಗೇ ನಿಂತ. ಅಷ್ಟು ಜನ ಮಿಯಾಂವ್ ಅಂತಿದ್ದೋರೂ ನನ್ನ ಕಡೆ ತಿರುಗಿದ್ರು. 'ಹಚ್ಚೋ' ಅಂದೆ... ಯಾಕೆ ಅಂದ್ರೆ? ಆ ಪಟ್ಟಿಗಳೇ ಅಲ್ವಾ ಅವರನ್ನ ಊರ ನಗೆಪಾಟಲು ಮಾಡಿದ್ದು! ಸುಟ್ಟು ಹೋಗಲಿ, ಪೀಡೆ ಕಳೀಲಿ ಅಂದ್ಕೊಂಡೆ. ಕಟ್ಕೊಂಡ ಗಂಡ ಹೇಳಿದ್ದನ್ನ ನಂಬಲಿಲ್ಲ ನಾನು. ನಿಮ್ಮನ್ನ ನಂಬಿದೆ, ಪ್ರೊಫೆಸರೇ. ಬೆಕ್ಕು ಅಂತಲೇ ನಂಬಿದೆ."

ಇಗರ್ಜಿಯ ಗಂಟೆ ಬಾರಿಸತೊಡಗಿತು. ಅವಳು ಸರೇಸಿನ ಬಟ್ಟಲನ್ನು ಮಡಿಲಿಗೆ ತೆಗೆದುಕೊಂಡು, ಒಣಗಿ ಅಂಟಿದ್ದ ಅಂಚನ್ನು ಉಗುರಿನಿಂದ ಕೆರೆಯುತ್ತ ಕುಳಿತಳು.

"...ಕ್ಷಮೆ ಗಿಮೆ ಆಮೇಲೆ. ಆ ಒಂದು ಪಟ್ಟಿ ಇದೆಯಲ್ಲ ನಿಮ್ಮ ಹತ್ರ. ಅದನ್ನ ಹಾಡಿ... ಈಗಲೇ. ಫೋನಲ್ಲೇ... ಬರಲ್ವಾ? ಕಾಫಿ ಅಂಗಡೀಲಿ ಬಾಯಿ ಬಂದಿತ್ತಲ್ಲ, ಹಾಡಿ ಅಂದ್ರೆ..."

"...ಹಾಂ..."

"...ಹಾಂ... ಅಯ್ಯೋ, ದೇವರೇ... ಇಷ್ಟು ಚೆನ್ನಾಗಿತ್ತಾ ಅದು?... ನಿಲ್ಲಿಸ್ಬೇಡಿ. ಯಾಕೆ ನಿಲ್ಲಿಸಿದ್ರಿ? ಮುಂದೆ?... ಪಟ್ಟಿ ಅಲ್ಲಿಗೇ ಮುಗೀತು ಅಂದ್ರೆ? ಮುಂದೆ ಹೇಗೆ ಹೋಗುತ್ತೆ ಅದು?... ಗೊತ್ತಿಲ್ಲ ಅನ್ಬೇಡಿ, ನೀವು ಓದಿದವರು, ಹೇಳಿ... ಮುಂದೆ ಏನಿತ್ತು? ಹಲೋ?... ಪ್ರೊಫೆಸರೇ, ಮುಂದೆ ಏನಿ..."