ಕರುಳು ಕೊಟ್ಟ ಕಡಲಸೌತೆ

ಹೂಂ ಅನ್ನಿ ಮಕ್ಕಳೇ. ಹೂಂ ಅನ್ನದಿದ್ದರೆ ಕಥೆ ಇಳಿತದ ನೀರಿನ ಸಂಗಡ ಕಡಲು ಸೇರಿಬಿಡುತ್ತದೆ.

ಒಂದಾನೊಂದು ಕಾಲ. ಹೊಳೆ ಕಡಲು ಸೇರುವಲ್ಲಿ ಒಂದು ಊರು. ನೀರಿಳಿದಾಗ ಹೆಂಗಸರು ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಹೆಕ್ಕುತ್ತಿದ್ದರು. ಆ ಚಿಪ್ಪಿನೊಳಗಿನ ಮಾಂಸವೇ ಊರಿನ ಅನ್ನ.

ಅದೇ ಕೆಸರಲ್ಲಿ ಇನ್ನೊಂದು ಜೀವವಿತ್ತು, ಕಡಲಸೌತೆ. ಕಣ್ಣಿಲ್ಲ, ಕಾಲಿಲ್ಲ, ಮೂಳೆಯಿಲ್ಲ. ಬಾಯಿ ಕೆಳಗೆ ಹೂತು, ಹಿಂಭಾಗ ಮೇಲೆತ್ತಿಕೊಂಡು ಇರುತ್ತದೆ. ಉಸಿರಾಡುವುದೂ ಅಲ್ಲಿಂದಲೇ! ನಗಬೇಡಿ, ಕೇಳಿ.

ಹೆಂಗಸರಿಗೆಲ್ಲ ಹಿರಿಯಳು ಬೀರಮ್ಮ. "ಥೂ, ಮಾನಗೆಟ್ಟದ್ದು! ಬಳಚಿನ ಮರಿ ತಿನ್ನುವುದು ಇದೇ. ಕಂಡಲ್ಲಿ ಕಿತ್ತೆಸೆಯಿರಿ" ಅಂದಳು.

ಕಿತ್ತರು, ಎಸೆದರು. ಕಿತ್ತರು, ಎಸೆದರು. ಏನಾಯಿತು? ಕೆಸರು ಕಪ್ಪಾಯಿತು, ನಾರಿತು, ಬಳಚು ಬಾಯಿಬಿಟ್ಟು ಸತ್ತವು.

"ಇವತ್ತೇ ದೋಣಿಗೆ ಪಾತ್ರೆಪರಡಿ ಹೇರಿ. ನಾಳೆ ಊರು ಬಿಡೋಣ" ಅಂದಳು ಬೀರಮ್ಮ.

ಅವಳ ಸೊಸೆ ಮಂಕಾಳಿ ಆರು ತಿಂಗಳ ಬಸುರಿ. ಊರು ಬಿಟ್ಟು ಯಾವ ದಡದಲ್ಲಿ ಹೆರಲಿ? ಕಣ್ಣೀರು ಒರೆಸುತ್ತ ಕೊನೆಯ ಸಲ ಕೆಸರಿಗಿಳಿದಳು. ಒಂದು ಕಡಲಸೌತೆ ಕೈಗೆ ಸಿಕ್ಕಿತು, ಎಳೆದಳು. ಅದು ಹೆದರಿ ಕರುಳನ್ನೇ ಹೊರಗೆ ಚೆಲ್ಲಿತು!

ಮಂಕಾಳಿ ಕರುಳು ಬಿಡಿಸಿ ನೋಡಿದಳು. ಮರಳು. ಬರೀ ಮರಳು. ಒಂದು ಚಿಪ್ಪಿನ ಚೂರೂ ಇಲ್ಲ!

"ಅಯ್ಯೋ, ನಿನ್ನ ಕರುಳು ಹೋಯಿತಲ್ಲೋ!"

"ಕರುಳು ಮತ್ತೆ ಬೆಳೆಯುತ್ತದೆ ತಾಯಿ. ಮರಳು ನುಂಗುತ್ತೇನೆ, ಕೊಳೆ ತಿನ್ನುತ್ತೇನೆ, ಮರಳು ಬಿಡುತ್ತೇನೆ. ನನಗೆ ಕೆಸರು ಕೊಡು, ಸಾಕು" ಅಂದಿತು ಕಡಲಸೌತೆ.

ಮಂಕಾಳಿ ಓಡಿದಳು. "ಅತ್ತೆ, ಇದು ಕಳ್ಳ ಅಲ್ಲ, ಕಸ ಗುಡಿಸುವವ! ನಾನು ಹೆರುವವರೆಗೆ ತಡೆಯಿರಿ."

"ಹುಳ ನಂಬಿ ಊರು ಕಾಯಬೇಕಾ? ಆಯ್ತು ಹೆಣ್ಣೇ, ನಿನ್ನ ಹೊಟ್ಟೆ ನೋಡಿ ಒಪ್ಪಿದೆ. ಅಲ್ಲಿಯವರೆಗೆ ಗೆಣಸೇ ಗತಿ. ಹೇರಿದ ಪಾತ್ರೆ ದೋಣಿಯಲ್ಲೇ ಇರಲಿ."

ದಡದ ನೀರುಗುಂಡಿಗಳಲ್ಲಿ ಜೀವ ಹಿಡಿದು ಬಿದ್ದಿದ್ದ ಕಡಲಸೌತೆಗಳನ್ನೆಲ್ಲ ಮಂಕಾಳಿ ಮಡಿಲು ತುಂಬ ತಂದು ಕೆಸರಿಗೆ ಬಿಟ್ಟಳು.

ಮೊದಲ ಅಮಾಸೆ ಬಂತು, ಏನಿಲ್ಲ. ಎರಡನೆಯದು ಬಂತು, ಕಡಲಸೌತೆಗಳ ಹಿಂತುದಿಗಳು ಕಂಡವು, ಪಕ್ಕದಲ್ಲಿ ಪುಟ್ಟ ಪುಟ್ಟ ಮರಳ ಗುಡ್ಡೆ. ಮೂರನೆಯ ಅಮಾಸೆಗೆ ನಾತ ಹೋಗಿತ್ತು. ತುಂಬು ಬಸುರಿಗೆ ಬಗ್ಗಲಾಗಲಿಲ್ಲ. "ಅತ್ತೆ, ನೀವೇ ನೋಡಿ."

ಬೀರಮ್ಮ ಬಗ್ಗಿದಳು, ಇನ್ನೂ ಬಗ್ಗಿದಳು, ಮೂಗು ಕೆಸರಿಗೆ ತಾಗುವಷ್ಟು ಬಗ್ಗಿದಳು. "ಮರಿ! ಎಳ್ಳಿನಷ್ಟು ಬಳಚಿನ ಮರಿ! ದೋಣಿಯ ಪಾತ್ರೆ ಇಳಿಸ್ರೇ!" ಎಂದು ಹಾಗೇ ಕೂಗಿದಳು.

ಮಂಕಾಳಿ ಬಿದ್ದು ಬಿದ್ದು ನಕ್ಕಳು. "ಅತ್ತೆ, ಮೂತಿ ಕೆಳಗೆ, ಅಂಡು ಮೇಲೆ! ಈಗ ಮಾನಗೆಟ್ಟವರು ಯಾರು?"

ನಕ್ಕೂ ನಕ್ಕೂ ಅಲ್ಲೇ ನೋವು ಬಂತು. ಅದೇ ದಡದಲ್ಲಿ ಹೆಣ್ಣುಮಗು ಹುಟ್ಟಿತು.

ಅವರ ಬುಟ್ಟಿ ಅವರಿಗೆ, ನಮ್ಮ ಬಟ್ಟಲು ನಮಗೆ. ನೀರು ಏರಿತು, ಕಥೆ ಮುಳುಗಿತು. ಏಳಿ, ಕೈ ತೊಳೆಯಿರಿ.