ಕಾಯುವ ಕಿಲುಬು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ನಮ್ಮ ವಸ್ತುಸಂಗ್ರಹಾಲಯದ ಬಂಧುಗಳೇ, ಊಟದ ಹೊತ್ತಾದರೂ ಎದ್ದು ಹೋಗದ ಸಭಿಕರೇ,

ನಿವೃತ್ತಿಯ ದಿನ ಕತ್ತೆಯೂ ಕುದುರೆಯಾಗುತ್ತದೆ. ನನ್ನ ಅಭಿನಂದನಾ ಪತ್ರದಲ್ಲಿ ಬರೆದಿದ್ದೀರಿ: 'ಮೂವತ್ತೊಂದು ವರ್ಷಗಳಲ್ಲಿ ಇವರ ಕೈಯಲ್ಲಿ ಒಂದು ವಸ್ತುವೂ ಕೆಡಲಿಲ್ಲ.' ಹಿಂದಿನ ಸಾಲಿಗೆ ಕೇಳಿಸುತ್ತಿದೆಯೇ? ಅಲ್ಲಿಗೆ ಕೇಳಿಸಲೇಬೇಕು.

ಪ್ರಯೋಗಾಲಯದಲ್ಲಿ ನಾನು ಮಾಡಿದ್ದು ಇಷ್ಟೇ. ಹಳೆಯ ಕಂಚಿನ ಮೇಲೆ ಒಂದು ಹನಿ ದ್ರಾವಣ ಇಟ್ಟು, ಅದಕ್ಕೆ ಸಣ್ಣ ತಂತಿಗಳನ್ನು ಮುಟ್ಟಿಸಿ, ಹರಿಯುವ ವಿದ್ಯುತ್ತನ್ನು ಅಳೆಯುವುದು. ಕಿಲುಬು ಲೋಹವನ್ನು ತಿನ್ನುತ್ತಿದೆಯೋ, ಕಾಯುತ್ತಿದೆಯೋ ಆಗ ತಿಳಿಯುತ್ತದೆ. ಹೌದು, ಕಾಯುವ ಕಿಲುಬೂ ಉಂಟು.

ನಮ್ಮಮ್ಮ ಇದನ್ನು ಒಪ್ಪುತ್ತಿರಲಿಲ್ಲ. "ಪಾತ್ರೆ ಕಿಲುಬು ಹಿಡಿದ್ರೆ ಮಾನ ಹೋಯ್ತು ಅಂತಾನೇ. ಮುಖ ಕಾಣೋವರೆಗೂ ಉಜ್ಜು!" ಆ ಮಾತನ್ನು ತಲೆಯಲ್ಲಿಟ್ಟುಕೊಂಡೇ ಕೆಲಸಕ್ಕೆ ಸೇರಿದೆ. ಮೊದಲ ವರ್ಷವೇ ಕಂಚಿನ ಬಟ್ಟಲೊಂದು ಬಂತು. ಅಳೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಆಮ್ಲದಲ್ಲಿ ಅದ್ದಿದೆ, ಉಜ್ಜಿದೆ. ಬಟ್ಟಲು ಥಳಥಳ ಹೊಳೆಯಿತು. ಅದರ ಅಂಚಿನಲ್ಲಿ ಒಂದು ಸಾಲು ಅಕ್ಷರವಿತ್ತು. ಲೋಹ ಸವೆದು, ಆ ಸಾಲು ಕಿಲುಬಿನಲ್ಲಷ್ಟೇ ಉಳಿದಿತ್ತು. ಓದುವ ತಜ್ಞರು ಮಾರನೆಯ ದಿನ ಬರುವವರಿದ್ದರು. ಅದನ್ನು ಇನ್ನು ಯಾರೂ ಓದಲಾರರು.

"ಯಾರ ಕೆಲಸ ಇದು?" ಎಂದು ಮೇಲಧಿಕಾರಿಗಳು ಗುಡುಗಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದ ಸಹಾಯಕರು ಮುಂದೆ ಬಂದರು. "ನಾನೇ ಸಾರ್. ಗೊತ್ತಾಗ್ಲಿಲ್ಲ."

ಹೊರಗೆ ಬಂದು ನನಗೆ ಹೇಳಿದ್ದು: "ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಕಣಮ್ಮ, ನಂದು ಆಗಿದೆ. ಸುಮ್ನಿರು."

ಸುಮ್ಮನಿದ್ದೆ. ಎಷ್ಟು ದಿನ? ಮೂವತ್ತು ವರ್ಷ! ಅವರನ್ನು ಗೇಟಿನ ಕಾವಲಿಗೆ ಹಾಕಿದರು. ಅವರು ನಿವೃತ್ತರಾಗುವವರೆಗೆ, ಹದಿನೆಂಟು ವರ್ಷ, ದಿನಾ ಅವರ ಮುಂದೆಯೇ ಹಾದುಹೋಗಿ ಕಿಲುಬಿನ ಮೇಲೆ ಪ್ರಬಂಧ ಬರೆದೆ, ಹೆಸರು ಗಳಿಸಿದೆ. 'ಕಣಮ್ಮ' ಎನ್ನುತ್ತಿದ್ದವರು ಎದ್ದು ನಿಂತು "ನಮಸ್ಕಾರ ಮೇಡಂ" ಎನ್ನತೊಡಗಿದರು. ನಾನು ತಲೆಯಾಡಿಸಿ ಒಳಗೆ ಹೋಗುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ಹೋಗುತ್ತಿದ್ದೆ.

ಇವತ್ತು ಬೆಳಿಗ್ಗೆ ಆ ಬಟ್ಟಲಿನ ದಾಖಲೆ ತೆಗೆದೆ. 'ಸಹಾಯಕನ ಅಜಾಗರೂಕತೆಯಿಂದ ಅಕ್ಷರ ನಷ್ಟ' ಎಂದಿತ್ತು. 'ಸಹಾಯಕನ' ಎಂಬುದನ್ನು ಹೊಡೆದುಹಾಕಿ, ನನ್ನ ಹೆಸರು ಬರೆದು, ಸಹಿ ಹಾಕಿದೆ. ಅಧ್ಯಕ್ಷರೇ, ಈ ಅಭಿನಂದನಾ ಪತ್ರವನ್ನೂ ದಯವಿಟ್ಟು ತಿದ್ದಿಕೊಡಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಎಲ್ಲರಿಗೂ ನನ್ನ ಕೃತಜ್ಞತೆಗಳು. ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿರುವ ಅಣ್ಣಾ, ನೀವು ಏಳಬೇಡಿ. ಹದಿನೆಂಟು ವರ್ಷ ನೀವೇ ಎದ್ದು ನಿಂತು ಹೇಳಿದಿರಿ. ಇವತ್ತು ನಾನು ನಿಂತಿದ್ದೇನೆ.

ನಮಸ್ಕಾರ.